ಆಟೋ ಸ್ಟ್ಯಾಂಡಿನಿಂದ ಕಾರ್ಮಿಕ ಇಲಾಖೆವರೆಗೆ: ಸಾರಿಗೆ ಕಾರ್ಮಿಕರು ತಮ್ಮ ಹಕ್ಕು ಪಡೆಯಲು ಒಂದು ಸಮಗ್ರ ಮಾರ್ಗದರ್ಶಿ

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಸುಮಾರು 7.75 ಲಕ್ಷ ಚಾಲಕರಿಗೆ ಸಿಗುತ್ತದೆ ಎಂದಿತು. ಕೊನೆಗೆ ಹಣ ಕಂಡವರು ಅದಕ್ಕಿಂತ ಎಷ್ಟೋ ಕಡಿಮೆ. ಒಬ್ಬರ ಡಿಎಲ್ ಅವಧಿ ಮುಗಿದಿತ್ತು. ಇನ್ನೊಬ್ಬರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಲಾರಿ ಕ್ಲೀನರ್, ಪಂಕ್ಚರ್ ಅಂಗಡಿ ಹುಡುಗ, ಇವರಂತೂ ಆ ಪಟ್ಟಿಯಲ್ಲೇ ಇರಲಿಲ್ಲ.

ನನ್ನ ಲೆಕ್ಕದಲ್ಲಿ ನಮ್ಮ ಸಾರಿಗೆ ಕಾರ್ಮಿಕರು ಕಾನೂನು ಇಲ್ಲದೆ ಕಳೆದುಕೊಂಡದ್ದಕ್ಕಿಂತ, ಇರುವ ಕಾನೂನಿಗೆ ತೋರಿಸಲು ಕಾಗದ ಇಲ್ಲದೆ ಕಳೆದುಕೊಂಡದ್ದೇ ಜಾಸ್ತಿ. ಆ ಕಾಗದ ಒಬ್ಬೊಬ್ಬರೇ ಓಡಾಡಿದರೆ ಆಗುವ ಕೆಲಸವಲ್ಲ. ದಿನದ ಬಾಡಿಗೆ ಬಿಟ್ಟು ಕಚೇರಿ ಬಾಗಿಲಲ್ಲಿ ನಿಲ್ಲಲು ಯಾರಿಗೆ ಪುರುಸೊತ್ತು? ಅದಕ್ಕೇ ಈ ಮಾರ್ಗದರ್ಶಿಯನ್ನು ಸ್ಟ್ಯಾಂಡಿನ ಹತ್ತಿಪ್ಪತ್ತು ಜನ ಸೇರಿ ಮಾಡಿಕೊಳ್ಳುವ ಕೆಲಸ ಎಂದು ಭಾವಿಸಿಯೇ ಬರೆದಿದ್ದೇನೆ. ಚಾಲಕರಿಗೆ, ಕ್ಲೀನರ್‌ಗಳಿಗೆ, ಡೆಲಿವರಿ ಹುಡುಗರಿಗೆ, ಗ್ಯಾರೇಜಿನವರಿಗೆ, ಇವರಿಗೆ ಅರ್ಜಿ ತುಂಬಿಕೊಡುವ ಮಕ್ಕಳಿಗೆ ಮತ್ತು ಗೆಳೆಯರಿಗೆ ಇದು. ವಿವರಗಳು ಕರ್ನಾಟಕದವು.

ಹಂತ 1: ನೀವು ಯಾವ ಗುಂಪಿನವರು ಎಂದು ನೋಡಿಕೊಳ್ಳಿ

"ಡ್ರೈವರ್" ಅಂದರೆ ಸಾಲದು. ಕಾನೂನಿನಲ್ಲಿ ಎಲ್ಲ ಡ್ರೈವರ್‌ಗಳೂ ಒಂದೇ ಅಲ್ಲ.

ಗಾಡಿ ನಿಮ್ಮದೇ, ಓಡಿಸುವವರೂ ನೀವೇ ಆದರೆ ನೀವು ಸ್ವಂತ ಉದ್ಯೋಗಿ. ನಿಮಗೆ ಸಂಬಳ ಕೊಡುವ ಮಾಲೀಕ ಇಲ್ಲ. ಹಾಗಾಗಿ ವಿಮೆ ಮತ್ತು ಸರ್ಕಾರದ ಮಂಡಳಿಯೇ ನಿಮಗೆ ಆಧಾರ. ದಿನದ ಬಾಡಿಗೆಗೆ ಆಟೋ ಹಿಡಿಯುವವರದು ನಡುವಿನ ಸ್ಥಿತಿ. ಗಾಡಿ ಓನರ್‌ದು, ನಷ್ಟ ನಿಮ್ಮದು. ಟ್ರಾವೆಲ್ಸ್, ಲಾರಿ, ಶಾಲಾ ವ್ಯಾನು, ಖಾಸಗಿ ಬಸ್ಸಿನಲ್ಲಿ ತಿಂಗಳ ಸಂಬಳಕ್ಕೆ ಇರುವವರಿಗೆ ಮಾಲೀಕ ಇದ್ದಾನೆ, ಆದ್ದರಿಂದ ಕಾರ್ಮಿಕ ಕಾನೂನು ಪೂರ್ತಿ ಅನ್ವಯ. ಆ್ಯಪ್‌ನಲ್ಲಿ ಓಡಿಸುವವರು ಗಿಗ್ ಕಾರ್ಮಿಕರು, ಅವರಿಗೆ ಈಗ ಬೇರೆಯದೇ ಕಾಯ್ದೆ ಇದೆ. ಸ್ಟೇರಿಂಗ್ ಹಿಡಿಯದವರೂ ಇದ್ದಾರೆ: ಮೆಕ್ಯಾನಿಕ್, ಟಿಂಕರಿಂಗ್, ಪೇಂಟಿಂಗ್, ವಾಟರ್ ವಾಶ್, ಬುಕಿಂಗ್ ಕ್ಲರ್ಕ್, ಹಮಾಲರು.

ಒಬ್ಬರೇ ಎರಡು ಗುಂಪಿನಲ್ಲಿ ಇರಬಹುದು. ಬೆಳಗ್ಗೆ ಶಾಲಾ ವ್ಯಾನು, ಸಂಜೆ ಆ್ಯಪ್. ಆಗ ಎರಡೂ ಕಡೆಯ ದಾಖಲೆ ಬೇರೆ ಬೇರೆ ಇಟ್ಟುಕೊಳ್ಳಿ.

ಹಂತ 2: ಕಾಗದದ ಚೀಲ

ಒಂದು ಪ್ಲಾಸ್ಟಿಕ್ ಫೋಲ್ಡರ್ ತನ್ನಿ. ಆಧಾರ್, ಡಿಎಲ್, ಬ್ಯಾಡ್ಜ್ ಇದ್ದರೆ ಬ್ಯಾಡ್ಜ್, ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡ್, ಗಾಡಿಯ ಆರ್‌ಸಿ (ನೋಂದಣಿ ಪತ್ರ), ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪತ್ರ), ಪರ್ಮಿಟ್, ವಿಮೆ ಪಾಲಿಸಿ. ಎಲ್ಲದರ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ. ನಿಮಗೇ ಏನಾದರೂ ಆದಾಗ ಈ ಕಾಗದ ಹುಡುಕುವವರು ಮನೆಯವರೇ ತಾನೆ.

ಆಮೇಲೆ ಹೆಸರು ನೋಡಿ. ಡಿಎಲ್‌ನಲ್ಲಿ "ಮಂಜುನಾಥ ಕೆ", ಆಧಾರ್‌ನಲ್ಲಿ "ಕೆ ಮಂಜುನಾಥ್", ಬ್ಯಾಂಕಿನಲ್ಲಿ ಬರೀ "ಮಂಜು". ಮೂರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿ ತಿರಸ್ಕಾರ ಆಗುವುದು ಬಹುಪಾಲು ಇಲ್ಲೇ. ಆಧಾರ್‌ನ ಹೆಸರನ್ನೇ ಮೂಲ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಮಾಡಿಸಿ. ಫೋನ್ ನಂಬರ್ ಬದಲಾಗಿದ್ದರೆ ಆಧಾರ್‌ಗೆ ಹೊಸ ನಂಬರ್ ಸೇರಿಸಿ, ಇಲ್ಲದಿದ್ದರೆ ಓಟಿಪಿ ಬರುವುದೇ ಇಲ್ಲ.

ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದೆ ಬಿಡುವುದು ಕೆಲಸದ ಸಾಕ್ಷಿಯ ವಿಷಯ. ಓನರ್ ಸಂಬಳವನ್ನು ಕೈಯಲ್ಲಿ ಕೊಡುತ್ತಾರೆ, ಬಾಟಾವನ್ನೂ (ಟ್ರಿಪ್ಪಿನ ಊಟ-ತಿಂಡಿ ಭತ್ಯೆ) ಕೈಯಲ್ಲೇ ಕೊಡುತ್ತಾರೆ. ನಾಳೆ ಜಗಳವಾದರೆ "ಇವನು ಯಾರೋ ಗೊತ್ತಿಲ್ಲ, ಒಂದೆರಡು ಟ್ರಿಪ್ ಬಂದಿದ್ದ" ಎಂದುಬಿಡಬಹುದು. ಇದಕ್ಕೆ ಸುಲಭದ ದಾರಿ ಇದೆ. ಸಂಬಳ ಬಂದ ದಿನ ಓನರ್‌ಗೆ ಒಂದು ವಾಟ್ಸಾಪ್ ಹಾಕಿ: "ಅಣ್ಣ, ಜೂನ್ ಸಂಬಳ 14,000, ಬಾಟಾ 3,000 ಬಂತು, ಥ್ಯಾಂಕ್ಸ್." ಅವರು "ಓಕೆ" ಅಂದರೆ ಸಾಕು, ಅದೇ ಸಾಕ್ಷಿ. ಸಿಟ್ಟು ತರಿಸುವಂಥದ್ದು ಏನೂ ಇದರಲ್ಲಿಲ್ಲ. ಟೋಲ್ ಚೀಟಿ, ಡೀಸೆಲ್ ಬಿಲ್, ಲೋಡ್ ಚೀಟಿ, ಟ್ರಿಪ್ ಶೀಟ್ ಎಲ್ಲದರ ಫೋಟೋ ಫೋನಿನಲ್ಲಿ ಇರಲಿ.

ಜೊತೆಗೆ ಒಂದು ಸಣ್ಣ ಡೈರಿ. ಲಾರಿಯವರ ಡೈರಿ ಹೀಗಿರಬೇಕು: "ಸೋಮವಾರ. ಸಂಜೆ 4ಕ್ಕೆ ಹುಬ್ಬಳ್ಳಿ ಎಪಿಎಂಸಿಗೆ ಹಾಜರು. ಲೋಡ್ ಎಣಿಸಿದೆ, ಟಾರ್ಪಾಲ್ ಕಟ್ಟಿದೆ. 9.30ಕ್ಕೆ ಹೊರಟೆ. ಅರಬೈಲ್ ಘಾಟ್ ಇಳಿದು ಅಂಕೋಲಾ ರಾತ್ರಿ 2. ಬೆಳಗ್ಗೆ 8ಕ್ಕೆ ಅನ್‌ಲೋಡ್." ಇಲ್ಲಿ "ಲೋಡ್ ಎಣಿಸಿದೆ, ಟಾರ್ಪಾಲ್ ಕಟ್ಟಿದೆ" ಅನ್ನುವ ಮಾತು ಸುಮ್ನೆ ಬರೆದದ್ದಲ್ಲ. ಅದರ ಬೆಲೆ ಹಂತ 6ರಲ್ಲಿ ಗೊತ್ತಾಗುತ್ತದೆ.

ಹಂತ 3: ನೋಂದಣಿ ಮಾಡಿಸಿ

ಇಲ್ಲಿ ಒಂದಲ್ಲ, ಮೂರ್ನಾಲ್ಕು ಬಾಗಿಲುಗಳಿವೆ. ಒಂದಕ್ಕೆ ಹೋದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಮೊದಲನೆಯದು ಇ-ಶ್ರಮ್. ಕೇಂದ್ರ ಸರ್ಕಾರ ಇದನ್ನು 2021ರ ಆಗಸ್ಟ್ 26ರಂದು ಶುರು ಮಾಡಿತು. 16ರಿಂದ 59 ವರ್ಷದವರು, ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇಲ್ಲದವರು ಸೇರಬಹುದು. 12 ಅಂಕಿಯ ನಂಬರ್ ಸಿಗುತ್ತದೆ, ಖರ್ಚಿಲ್ಲ. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ವಿಮೆ ಇದೆ ಎಂದು ನಂಬಿ ಕೂರಬೇಡಿ. ನೀವು ಅಸಂಘಟಿತ ಕಾರ್ಮಿಕರು ಎಂದು ಹೇಳುವ ಗುರುತು ಅದು, ಅಷ್ಟೇ.

ಎರಡನೆಯದು ನಮ್ಮದೇ ರಾಜ್ಯದ್ದು, ನಿಮಗೆ ಬಹಳ ಮುಖ್ಯವಾದದ್ದು: ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರೆ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಂಡಳಿ. ಹೆಸರು ರೈಲಿನಷ್ಟು ಉದ್ದ ಇದೆ, ಹೆದರಬೇಡಿ. ಚಾಲಕರು, ಕಂಡಕ್ಟರ್, ಕ್ಲೀನರ್ ಅಲ್ಲದೆ ಗ್ಯಾರೇಜ್ ಕೆಲಸದವರೂ ಇದರೊಳಗೆ ಬರುತ್ತಾರೆ. ನೋಂದಾಯಿತ ಕಾರ್ಮಿಕ ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ, ಶಾಶ್ವತವಾಗಿ ಅಂಗವಿಕಲರಾದರೆ 2 ಲಕ್ಷದವರೆಗೆ ಪರಿಹಾರ ಇದೆ. ಇದಕ್ಕೆ ಹಣ ಬರುವುದು ವಾಹನಗಳ ಮೇಲಿನ ಸೆಸ್‌ನಿಂದ. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ತಿದ್ದುಪಡಿ ತಂದು, ಹೊಸ ಬೈಕ್ ನೋಂದಣಿಗೆ 500, ಕಾರಿಗೆ 1,000 ರೂಪಾಯಿ ಸೇರಿಸಿದರು. ಅಂದರೆ ಊರಲ್ಲಿ ಯಾರು ಹೊಸ ಗಾಡಿ ತಂದರೂ ನಿಮ್ಮ ಮಂಡಳಿಗೆ ದುಡ್ಡು ಬೀಳುತ್ತಿದೆ. ಆ ದುಡ್ಡು ಕೇಳಲು ನೀವು ಪಟ್ಟಿಯಲ್ಲಿ ಇರಬೇಕು. ಕಾರ್ಮಿಕ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿರುವ ಕಾರ್ಮಿಕ ನಿರೀಕ್ಷಕರನ್ನು ಭೇಟಿ ಮಾಡಿ. ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರದಲ್ಲೂ ವಿಚಾರಿಸಿ. ಇಲಾಖೆಯ ಸಹಾಯವಾಣಿ 155214.

ಹಮಾಲರು ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಸ್ಮಾರ್ಟ್ ಕಾರ್ಡ್ ಮಾಡಿಸಬೇಕು. ಅದು ಅಸಂಘಟಿತ ಕಾರ್ಮಿಕರ ಮಂಡಳಿಯದು, ಮೇಲಿನದಕ್ಕಿಂತ ಬೇರೆ.

ಇನ್ನು ಬ್ಯಾಂಕಿನಲ್ಲಿ ಮಾಡಿಸುವ ಎರಡು ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಯಾವುದೇ ಕಾರಣದ ಸಾವಿಗೆ 2 ಲಕ್ಷ, ಸೇರಲು 18ರಿಂದ 50 ವರ್ಷ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆ ವಾರದಲ್ಲಿ ಖಾತೆಯಲ್ಲಿ 500 ರೂಪಾಯಿ ಇಲ್ಲದಿದ್ದರೆ ಪಾಲಿಸಿ ಸದ್ದಿಲ್ಲದೆ ನಿಂತುಹೋಗುತ್ತದೆ. ಮೇ 20ಕ್ಕೆ ಸ್ಟ್ಯಾಂಡಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಜ್ಞಾಪನೆ ಹಾಕುವ ಕೆಲಸವನ್ನು ಯಾರಿಗಾದರೂ ವಹಿಸಿ. ನಾಮಿನಿ ಹೆಸರು ಖಾಲಿ ಬಿಡಬೇಡಿ.

ಹಂತ 4: ಗಾಡಿಯ ವಿಮೆ ಪಾಲಿಸಿಯನ್ನು ಒಮ್ಮೆ ಓದಿ

ಪಾಲಿಸಿ ಅಂದರೆ ಪೊಲೀಸರು ಹಿಡಿದಾಗ ತೋರಿಸುವ ಹಾಳೆ ಎಂದೇ ಎಲ್ಲರ ಭಾವನೆ. ಅದರಲ್ಲಿ ನಿಮಗೆ ಸಂಬಂಧಿಸಿದ ಸಾಲುಗಳು ಎರಡೇ.

ಒಂದು, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ರಕ್ಷಣೆ. ಇದು 15 ಲಕ್ಷದ್ದು. ಗಾಡಿ ನಿಮ್ಮ ಹೆಸರಲ್ಲಿದ್ದು, ನೀವೇ ಓಡಿಸುವಾಗ, ಡಿಎಲ್ ಚಾಲ್ತಿಯಲ್ಲಿದ್ದರೆ ಮಾತ್ರ ಸಿಗುತ್ತದೆ. ಬಾಡಿಗೆ ಚಾಲಕರಿಗೆ ಇದು ಅನ್ವಯ ಆಗುವುದಿಲ್ಲ. ಎಷ್ಟೋ ಆಟೋಗಳು ಮಾರಾಟವಾಗಿ ವರ್ಷಗಳಾದರೂ ಆರ್‌ಸಿ ಹಳೆ ಮಾಲೀಕರ ಹೆಸರಲ್ಲೇ ಇರುತ್ತವೆ. ಅಂಥ ಗಾಡಿಯಲ್ಲಿ ನೀವು ಸತ್ತರೆ ಈ 15 ಲಕ್ಷ ನಿಮ್ಮ ಮನೆಯವರಿಗೆ ಬರುವುದಿಲ್ಲ. ಹೆಸರು ವರ್ಗಾವಣೆಯ ಖರ್ಚು ಉಳಿಸಲು ಹೋಗಿ ಇಷ್ಟು ದೊಡ್ಡ ಮೊತ್ತ ಬಿಡುವುದು ನ್ಯಾಯವೇ?

ಎರಡು, ಸಂಬಳದ ಚಾಲಕ ಮತ್ತು ಕ್ಲೀನರ್‌ಗೆ ಸಂಬಂಧಿಸಿದ ಕಾನೂನು ಹೊಣೆ. ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲಿ ಇದಕ್ಕೆ ತಲೆಗೆ 50 ರೂಪಾಯಿ ಆಸುಪಾಸಿನ ಒಂದು ಸಾಲು ಇರುತ್ತದೆ. ಬಾಡಿಗೆಗೆ ಗಾಡಿ ಹಿಡಿಯುವ ಮುಂಚೆ, ಕೆಲಸಕ್ಕೆ ಸೇರುವ ಮುಂಚೆ ಈ ಸಾಲು ಇದೆಯಾ ಎಂದು ನೋಡಿ. ಇಲ್ಲದಿದ್ದರೆ "ಐವತ್ತು ರೂಪಾಯಿ ನಾನೇ ಕೊಡ್ತೀನಿ, ಸೇರಿಸಿ" ಎಂದು ಕೇಳಿ. ಇದಕ್ಕೆ ಬೇಡ ಅನ್ನುವ ಓನರ್ ಕಡಿಮೆ. ಯಾಕೆಂದರೆ ಈ ಸಾಲು ಇದ್ದರೆ ಅಪಘಾತದ ಪರಿಹಾರವನ್ನು ಅವರ ಬದಲು ವಿಮಾ ಕಂಪನಿ ಕೊಡುತ್ತದೆ.

"ನಿಮ್ಮ ಲೈಸೆನ್ಸ್‌ನಲ್ಲಿ ಟ್ರಾನ್ಸ್‌ಪೋರ್ಟ್ ಎಂದು ಇಲ್ಲ, ಕ್ಲೇಮ್ ಕೊಡಲ್ಲ" ಎಂದು ಕಂಪನಿ ಹೇಳಿದರೆ ಸುಮ್ಮನೆ ವಾಪಸ್ ಬರಬೇಡಿ. 7,500 ಕೆಜಿ ಒಳಗಿನ ಗಾಡಿಗಳಿಗೆ ಲಘು ವಾಹನದ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಆಟೋ, ಟ್ಯಾಕ್ಸಿ, ಸಣ್ಣ ಗೂಡ್ಸ್ ಗಾಡಿ ಎಲ್ಲವೂ ಈ ತೂಕದ ಒಳಗೇ ಬರುತ್ತವೆ.

ಹಂತ 5: ಅಪಘಾತ ಆದಾಗ

108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಅಪಘಾತ" ಎಂದು ಸ್ಪಷ್ಟವಾಗಿ ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ) ಮಾಡಿಸಿ. "ಬಿದ್ದೆ" ಎಂದು ಬರೆಸಿದರೆ ಮುಂದೆ ಕೇಸ್ ಕಷ್ಟ. 2025ರ ಮೇನಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 7 ದಿನ 1.5 ಲಕ್ಷದವರೆಗೆ ಚಿಕಿತ್ಸೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಾ ಎಂದು ಕೇಳಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. "ರಾಜಿ ಮಾಡ್ಕೊಳ್ಳಿ" ಎಂದು ಆಸ್ಪತ್ರೆ ಬಾಗಿಲಲ್ಲಿ ಬಂದು ಖಾಲಿ ಹಾಳೆಗೆ ಸಹಿ ಕೇಳುವವರಿಗೆ ಸಹಿ ಕೊಡಬೇಡಿ.

ಪರಿಹಾರಕ್ಕೆ ಮುಖ್ಯವಾಗಿ ಎರಡು ದಾರಿ. ಎರಡರಲ್ಲಿ ಒಂದನ್ನು ಮಾತ್ರ ಹಿಡಿಯಬಹುದು.

ಮೋಟಾರು ವಾಹನ ಕಾಯ್ದೆಯ ದಾರಿಯಲ್ಲಿ ಎದುರಿನ ಗಾಡಿಯ ತಪ್ಪು ತೋರಿಸಬೇಕು. ಅರ್ಜಿಯನ್ನು ಅಪಘಾತದ 6 ತಿಂಗಳೊಳಗೆ ಹಾಕಬೇಕು ಎಂಬ ತಿದ್ದುಪಡಿ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಾಗಾಗಿ "ಗುಣ ಆದಮೇಲೆ ನೋಡೋಣ" ಅನ್ನಬೇಡಿ. ಗುದ್ದಿದ ಗಾಡಿ ಸಿಗದೇ ಹೋದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದಿಂದ ಇದೆ.

ಇನ್ನೊಂದು ದಾರಿ ಸಂಬಳಕ್ಕಿರುವವರದು, ನೌಕರರ ಪರಿಹಾರ. ಇಲ್ಲಿ ತಪ್ಪು ಯಾರದು ಎಂದು ಕೇಳುವುದಿಲ್ಲ. ಘಾಟಿಯಲ್ಲಿ ಲಾರಿ ತಾನಾಗಿ ಪಲ್ಟಿ ಆದರೂ ಕ್ಲೀನರ್‌ಗೂ ಡ್ರೈವರ್‌ಗೂ ಪರಿಹಾರ ಇದೆ. ಅವಧಿ 2 ವರ್ಷ. ಮೂಲ 1923ರ ಕಾಯ್ದೆ, ಈಗ ಅದು ಹಳೆ ಕಾಯ್ದೆಗಳನ್ನು ಒಟ್ಟು ಸೇರಿಸಿ ಮಾಡಿದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಾವಿನ ಲೆಕ್ಕ ಸರಳ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸಬೇಕು. 30 ವರ್ಷದವರಿಗೆ ಆ ಅಂಶ 207.98. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರಲ್ಲಿ 15,000 ಎಂದು ಗೊತ್ತುಮಾಡಿದರು.

ಈಗ ಹಂತ 2ರ ವಾಟ್ಸಾಪ್ ನೆನಪಿಸಿಕೊಳ್ಳಿ. 30 ವರ್ಷದ ಕ್ಲೀನರ್‌ಗೆ ತಿಂಗಳಿಗೆ 15,000 ಸಂಬಳ ಎಂದು ಸಾಬೀತಾದರೆ ಕುಟುಂಬಕ್ಕೆ 15,59,850 ರೂಪಾಯಿ. ದಾಖಲೆ ಇಲ್ಲದೆ "8,000 ಕೊಡ್ತಿದ್ದೆ" ಎಂಬ ಓನರ್ ಮಾತೇ ನಿಂತರೆ 8,31,920. ಏಳು ಲಕ್ಷಕ್ಕೂ ಮೀರಿದ ವ್ಯತ್ಯಾಸ, ಒಂದು "ಓಕೆ"ಯಿಂದ. ಪರಿಹಾರ ಬಾಕಿ ಬಿದ್ದು ಒಂದು ತಿಂಗಳಾದರೂ ಕೊಡದಿದ್ದರೆ ಶೇ 12ರ ಬಡ್ಡಿ ಸೇರುತ್ತದೆ.

ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಆದ ಅಪಘಾತವನ್ನೂ ಹೊಸ ಸಂಹಿತೆ ಇದರೊಳಗೆ ತಂದಿದೆ.

ಹಂತ 6: ಸಂಬಳದವರು ಕೇಳಬೇಕಾದದ್ದು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಈಗ ಅದರಲ್ಲೊಂದರ ಭಾಗ. ಹೊಸ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ತಕರಾರು ಬಹಳ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ನಮ್ಮ ಕೈಗೆ ಬಂದ ಒಂದು ಒಳ್ಳೆ ಆಯುಧವೆಂದರೆ ನೇಮಕಾತಿ ಪತ್ರ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಟ್ರಾವೆಲ್ಸ್ ಡ್ರೈವರ್‌ಗಳಲ್ಲಿ ಎಷ್ಟು ಜನರ ಹತ್ತಿರ ಅದು ಇದೆ? ಕೇಳಿ ನೋಡಿ, ನಗು ಬರುತ್ತದೆ.

ಕೆಲಸದ ಅವಧಿ ದಿನಕ್ಕೆ 8 ಗಂಟೆ. ಹೆಚ್ಚಿಗೆ ದುಡಿದರೆ ಎರಡು ಪಟ್ಟು. ಇಲ್ಲಿ ಓನರ್‌ಗಳು ಹಾಕುವ ಲೆಕ್ಕ "ಗಾಡಿ ಓಡಿದ್ದು ಐದೇ ಗಂಟೆ" ಅಂತ. ಕಾನೂನಿನ ಲೆಕ್ಕ ಬೇರೆ. ಗಾಡಿ ಓಡುವ ಸಮಯದ ಜೊತೆಗೆ ಲೋಡಿಂಗ್, ಅನ್‌ಲೋಡಿಂಗ್, ಗಾಡಿ ರಿಪೇರಿ, ಲೆಕ್ಕ ಒಪ್ಪಿಸುವುದು, ಗಾಡಿಯನ್ನು ಶೆಡ್ಡಿಗೆ ಬಿಡುವುದು ಎಲ್ಲವೂ ಕೆಲಸದ ಸಮಯವೇ. ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ನಿಂತು ಕಾದದ್ದೂ ಲೆಕ್ಕಕ್ಕೆ ಬರುತ್ತದೆ. ಡೈರಿಯಲ್ಲಿ "ಕಾದೆ" ಎಂದು ಬರೆದರೆ ವಾದಕ್ಕೆ ದಾರಿ. "ಲೋಡ್ ಎಣಿಸಿದೆ, ಟಾರ್ಪಾಲ್ ಕಟ್ಟಿದೆ" ಎಂದು ಬರೆದರೆ ಅದು ಕೆಲಸ.

ಹತ್ತು ಜನರಿರುವ ಕಡೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಕೇಳಿ. ನಿಮ್ಮ ಸಂಬಳದಿಂದ ಶೇ 0.75 ಹೋಗುತ್ತದೆ, ಮಾಲೀಕರು ಶೇ 3.25 ಹಾಕುತ್ತಾರೆ. ಪಿಎಫ್‌ಗೆ 20 ಜನ ಬೇಕು. ಸಂಬಳ ಬಾಕಿ ಇದ್ದರೆ 3 ವರ್ಷದೊಳಗೆ ದೂರು ಕೊಡಬಹುದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಒಬ್ಬರೇ ಹೋಗಿ ಕೇಳಿದರೆ ನಾಳೆಯಿಂದ ಗಾಡಿ ಕೀ ಸಿಗುವುದಿಲ್ಲ. ಐದಾರು ಜನ ಒಂದೇ ಪತ್ರಕ್ಕೆ ಸಹಿ ಹಾಕಿ, ಮೊದಲು ನೇಮಕಾತಿ ಪತ್ರ ಒಂದನ್ನೇ ಕೇಳಿ. ಹಣದ ವಿಷಯ ಆಮೇಲೆ.

ಹಂತ 7: ಆ್ಯಪ್‌ನಲ್ಲಿ ಓಡಿಸುವವರು

ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದ ಮೊದಲ ರಾಜ್ಯ ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇನಲ್ಲಿ ಸುಗ್ರೀವಾಜ್ಞೆ ತಂದು ಆಮೇಲೆ ಅದೇ ವರ್ಷ ಕಾಯ್ದೆ ಮಾಡಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು ಅದರಲ್ಲಿ ಅವಕಾಶ ಇದೆ. ನಿಮ್ಮ ವಿವರವನ್ನು ಗಿಗ್ ಕಾರ್ಮಿಕರ ಮಂಡಳಿಗೆ ಕೊಡುವ ಹೊಣೆಯೂ ಕಂಪನಿಯದು. ಆದರೂ ನಿಮ್ಮ ಹೆಸರು ಹೋಗಿದೆಯಾ ಎಂದು ನೀವೇ ಖಚಿತ ಮಾಡಿಕೊಳ್ಳಿ.

ದಿನನಿತ್ಯಕ್ಕೆ ಉಪಯೋಗ ಆಗುವುದು ಐಡಿ ಬ್ಲಾಕ್ ಬಗ್ಗೆ ಇರುವ ನಿಯಮ. ಲಿಖಿತ ಕಾರಣವನ್ನೂ 14 ದಿನ ಮೊದಲು ನೋಟಿಸನ್ನೂ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಗ್ರಾಹಕರ ಜೀವಕ್ಕೆ ಅಪಾಯ ಆಗುವಂಥ ಪ್ರಸಂಗ ಬೇರೆ. ಒಪ್ಪಂದ ಸರಳ ಭಾಷೆಯಲ್ಲಿ ಇರಬೇಕು, ಕನ್ನಡದಲ್ಲೂ ಸಿಗಬೇಕು. ಕೆಲಸ ಹಂಚುವ ಮತ್ತು ರೇಟಿಂಗ್ ಹಾಕುವ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಮಾತಾಡಲು ಯಂತ್ರದ ಬದಲು ಒಬ್ಬ ಮನುಷ್ಯ ಸಿಗಬೇಕು ಎಂದೂ ಕಾಯ್ದೆ ಹೇಳುತ್ತದೆ. ಚಾಟ್‌ಬಾಟ್ ಜೊತೆ ಜಗಳ ಆಡಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು.

ಬ್ಲಾಕ್ ಆದ ತಕ್ಷಣ ಮಾಡಬೇಕಾದದ್ದು: ಆ ಪರದೆಯ ಸ್ಕ್ರೀನ್‌ಶಾಟ್, ಹಿಂದಿನ ಮೂರು ತಿಂಗಳ ಗಳಿಕೆಯ ಸ್ಕ್ರೀನ್‌ಶಾಟ್, ರೇಟಿಂಗ್ ಪುಟ. ಇವನ್ನು ಬ್ಲಾಕ್ ಆಗುವ ಮುಂಚೆಯೇ ತಿಂಗಳಿಗೊಮ್ಮೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಆಮೇಲೆ ಆ್ಯಪ್ ತೆರೆಯುವುದೇ ಇಲ್ಲ. ಕಂಪನಿಯ ಆಂತರಿಕ ವಿವಾದ ಪರಿಹಾರ ಸಮಿತಿಗೆ ಇಮೇಲ್‌ನಲ್ಲಿ ದೂರು ಕೊಡಿ. ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಿ.

ಕಮಿಷನ್ ಜಾಸ್ತಿ ಆಯಿತು ಅನ್ನಿಸಿದವರಿಗೆ ಬೆಂಗಳೂರಿನಲ್ಲಿ ಇನ್ನೊಂದು ಉದಾಹರಣೆ ಇದೆ. 2022ರ ನವೆಂಬರ್‌ನಲ್ಲಿ ಚಾಲಕರ ಸಂಘದ ಬೆಂಬಲದಿಂದ ಶುರುವಾದ "ನಮ್ಮ ಯಾತ್ರಿ" ಆ್ಯಪ್ ಟ್ರಿಪ್ ಮೇಲೆ ಕಮಿಷನ್ ಹಿಡಿಯದೆ, ಆಮೇಲೆ ದಿನಕ್ಕೆ ಇಷ್ಟು ಎಂದು ಸಣ್ಣ ಶುಲ್ಕ ಇಟ್ಟಿತು. ಉಳಿದ ಕಂಪನಿಗಳೂ ನಿಧಾನವಾಗಿ ಆಟೋಗಳಿಗೆ ಅದೇ ದಾರಿ ಹಿಡಿಯಬೇಕಾಯಿತು.

ಹಂತ 8: ಸ್ಟ್ಯಾಂಡನ್ನು ಸಂಘ ಮಾಡಿ

ನಮ್ಮಲ್ಲಿ ಸ್ಟ್ಯಾಂಡ್ ಅನ್ನೋದು ಆಗಲೇ ಅರ್ಧ ಸಂಘ. ಶಂಕರಣ್ಣನ ಫೋಟೋ ಇರುವ ಬೋರ್ಡು, ಸರದಿಯ ನಿಯಮ, ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಚಂದಾ, ಬಾವುಟ, ಅನ್ನಸಂತರ್ಪಣೆ. ಎಲ್ಲರಿಂದ ಹಣ ಎತ್ತಿ, ಲೆಕ್ಕ ಇಟ್ಟು, ಪೆಂಡಾಲ್ ಹಾಕಿಸಿ ಆರ್ಕೆಸ್ಟ್ರಾ ಮಾಡಿಸುವ ಶಕ್ತಿ ಇರುವ ಜನಕ್ಕೆ ಸಂಘ ನೋಂದಣಿ ದೊಡ್ಡ ಮಾತಲ್ಲ. ಆರ್ಕೆಸ್ಟ್ರಾ ಬೇಡ ಎಂದು ನಾನು ಹೇಳುತ್ತಿಲ್ಲ. ಅದೇ ಚಂದಾ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿ ಎನ್ನುತ್ತಿದ್ದೇನೆ.

ಯಾವ ರೀತಿಯ ಸಂಘ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದರೆ ಹಬ್ಬ, ಸಹಾಯನಿಧಿಗೆ ಸಾಕು. ಹಕ್ಕು ಕೇಳಲು, ಒಪ್ಪಂದಕ್ಕೆ ಕೂರಲು, ಮುಷ್ಕರ ಮಾಡಿದಾಗ ಕಾನೂನಿನ ರಕ್ಷಣೆ ಪಡೆಯಲು ಕಾರ್ಮಿಕ ಸಂಘವೇ ಬೇಕು. ಕನಿಷ್ಠ ಏಳು ಜನ ಅರ್ಜಿ ಹಾಕಬೇಕು. ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಆಟೋದವರಿಗೆ 100 ಎಂದೇ ಇಟ್ಟುಕೊಳ್ಳಿ. ಅಂದರೆ ನಾಲ್ಕೈದು ಸ್ಟ್ಯಾಂಡು ಸೇರಬೇಕು. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ನಿಜವಾಗಿ ಆ ಕೆಲಸ ಮಾಡುವವರೇ ಇರಬೇಕು ಎಂದು ಕಾನೂನಿದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಚುನಾವಣೆ ಹತ್ತಿರ ಬಂದಾಗ ಖಾದಿ ಅಂಗಿ ಹಾಕಿ ಬಂದು ಅಧ್ಯಕ್ಷರಾಗುವವರು ಬಹಳ. ಅವರಿಗೆ ಬೇಕಾದರೆ ಗೌರವಾಧ್ಯಕ್ಷ ಪಟ್ಟ ಕೊಟ್ಟು ಹಾರ ಹಾಕಿ, ಚೆಕ್ ಬುಕ್ ಕೊಡಬೇಡಿ.

ಕೆಲಸದ ಕ್ರಮ ಹೀಗಿರಲಿ. ಮೊದಲ ಸಭೆಯನ್ನು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಇಡಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಡಿಎಲ್ ಮುಗಿಯುವ ದಿನ, ಗಾಡಿ ಯಾರ ಹೆಸರಲ್ಲಿದೆ, ಮಂಡಳಿ ನೋಂದಣಿ ಆಗಿದೆಯಾ, ವಿಮೆ ಇದೆಯಾ, ನಾಮಿನಿ ಯಾರು ಎಂದು ಬರೆದುಕೊಳ್ಳಿ. ಈ ಒಂದು ಪುಸ್ತಕವೇ ನಿಮ್ಮ ಸಂಘದ ಮೂಲ ಬಂಡವಾಳ. ಕಾರ್ಮಿಕ ನಿರೀಕ್ಷಕರನ್ನು ಸ್ಟ್ಯಾಂಡಿಗೇ ಕರೆದು ನೋಂದಣಿ ಶಿಬಿರ ಇಡಿಸಿ. ಮೂವತ್ತು ಜನ ಒಟ್ಟಿಗೆ ಇದ್ದರೆ ಅವರೂ ಬರುತ್ತಾರೆ.

ಬೈಲಾದಲ್ಲಿ ಸದಸ್ಯ ಶುಲ್ಕ, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಹಣ ಯಾವುದಕ್ಕೆ ಖರ್ಚು ಮಾಡಬಹುದು, ವರ್ಷಕ್ಕೊಮ್ಮೆ ಆಡಿಟ್ ಇವೆಲ್ಲ ಬರೆಯಿರಿ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ತಿಂಗಳ ಮೊದಲ ವಾರ ಲೆಕ್ಕದ ಹಾಳೆಯ ಫೋಟೋ ಗುಂಪಿಗೆ ಬೀಳಬೇಕು. ಸಂಘಗಳು ಒಡೆಯುವುದು ಸಿದ್ಧಾಂತಕ್ಕಲ್ಲ, ಲೆಕ್ಕಕ್ಕೆ. ಬೆಂಗಳೂರು, ಮೈಸೂರಿನಲ್ಲಿ ಈಗ ಮಹಿಳಾ ಚಾಲಕರೂ ಇದ್ದಾರೆ. ಸಭೆಯ ಹೊತ್ತು, ಜಾಗ ಅವರಿಗೂ ಹೊಂದುವಂತೆ ನೋಡಿ. ಶೌಚಾಲಯದ ಬೇಡಿಕೆಯನ್ನು ಮೊದಲು ಎತ್ತುವವರು ಅವರೇ. ಗಂಡಸರು ಗೋಡೆ ಮರೆ ಹುಡುಕಿಕೊಂಡು, ನೀರು ಕುಡಿಯದೆ ಕಿಡ್ನಿ ಕಲ್ಲು ಮಾಡಿಕೊಂಡು ಸುಮ್ಮನಿರುತ್ತಾರೆ.

ಹಂತ 9: ಯಾವ ಬೇಡಿಕೆ ಯಾರ ಮುಂದೆ

ತಪ್ಪು ಬಾಗಿಲು ತಟ್ಟಿ ವರ್ಷ ಕಳೆಯುವುದು ಸಾಮಾನ್ಯ. ಆಟೋ ದರ ಗೊತ್ತುಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಾರಿಗೆ ಪ್ರಾಧಿಕಾರ. ಸ್ಟ್ಯಾಂಡಿನ ಜಾಗ, ಶೌಚಾಲಯ, ನೆರಳಿಗೆ ನಗರಸಭೆ ಅಥವಾ ಪಾಲಿಕೆ, ಜೊತೆಗೆ ಸಂಚಾರ ಪೊಲೀಸರು. ಪರ್ಮಿಟ್, ತೆರಿಗೆ, ಎಫ್‌ಸಿ ಸಾರಿಗೆ ಇಲಾಖೆಯದು. ಮಂಡಳಿ, ಸಂಬಳ, ಆ್ಯಪ್ ಕಂಪನಿ ಎಲ್ಲ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಅದರ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ದರದ ವಿಷಯವನ್ನೇ ನೋಡಿ. ಬೆಂಗಳೂರಿನಲ್ಲಿ 2021ರ ಡಿಸೆಂಬರ್‌ನಲ್ಲಿ ಮೊದಲ 2 ಕಿಮೀಗೆ 30, ಆಮೇಲೆ ಕಿಮೀಗೆ 15 ರೂಪಾಯಿ ಆಯಿತು. ಮುಂದಿನ ಏರಿಕೆ ಬಂದದ್ದು 2025ರ ಆಗಸ್ಟ್ 1ಕ್ಕೆ: 36 ಮತ್ತು 18. ಮೂರೂವರೆ ವರ್ಷದ ಮೇಲೆ ಶೇ 20. "ಬದುಕೋದು ಕಷ್ಟ ಸಾರ್" ಎಂಬ ಮನವಿಗಿಂತ ಖರ್ಚಿನ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಹತ್ತು ಚಾಲಕರ ಒಂದು ತಿಂಗಳ ಲೆಕ್ಕ ತೆಗೆಯಿರಿ: ಗ್ಯಾಸ್, ಲೋನ್ ಕಂತು, ವಿಮೆ, ಎಫ್‌ಸಿ, ಟೈರ್, ಖಾಲಿ ಓಡಿದ ಕಿಮೀ. ಆ ಹಾಳೆಯನ್ನು ಮನವಿಗೆ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. "ನಮ್ಮ ಮನವಿಗೆ ಯಾಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬೇಡಿ, ಜಾರಿಕೊಳ್ಳುತ್ತಾರೆ. "ಇಂತಹ ದಿನಾಂಕದ ಮನವಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಕೇಳಿ.

ಬೀದಿಗಿಳಿಯುವುದು ಕೊನೆಗೆ. 2023ರ ಸೆಪ್ಟೆಂಬರ್ 11ರಂದು 32 ಸಂಘಟನೆಗಳ ಒಕ್ಕೂಟ ಬೆಂಗಳೂರಿನಲ್ಲಿ ಖಾಸಗಿ ಸಾರಿಗೆ ಬಂದ್ ಮಾಡಿತು. ಆಟೋ, ಟ್ಯಾಕ್ಸಿ, ಖಾಸಗಿ ಬಸ್ ಎಲ್ಲ ಒಟ್ಟಿಗೆ ನಿಂತವು. ಸಾರಿಗೆ ಸಚಿವರು ಧರಣಿ ಜಾಗಕ್ಕೇ ಬಂದು ಬಹುಪಾಲು ಬೇಡಿಕೆಗೆ ಒಪ್ಪಿಗೆ ಕೊಟ್ಟು, ಮಧ್ಯಾಹ್ನವೇ ಬಂದ್ ವಾಪಸಾಯಿತು. ಬಾಯಿಮಾತಿನ ಭರವಸೆ ಸಿಕ್ಕಾಗ ಅಲ್ಲೇ ಸಭೆಯ ನಡಾವಳಿ ಬರೆಸಿ, ದಿನಾಂಕ ಹಾಕಿಸಿ, ಸಹಿ ಪಡೆಯಿರಿ. ಬೆಂಗಳೂರಿನಲ್ಲಿ ಧರಣಿಗೆ ಪೊಲೀಸ್ ಅನುಮತಿ ಬೇಕು, ಜಾಗ ಫ್ರೀಡಂ ಪಾರ್ಕ್ ಒಂದೇ.

ವಕೀಲರ ಖರ್ಚು

ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಕೈಗಾರಿಕಾ ಕಾರ್ಮಿಕರು ಮತ್ತು ಆದಾಯ ಮಿತಿಯೊಳಗೆ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಅದರ ಸಮಿತಿ ಇದೆ, ಫೋನ್ 15100. ಲೋನ್ ಕಂತು ತಪ್ಪಿದಾಗ ಗಾಡಿ ಎತ್ತಿಕೊಂಡು ಹೋಗುವ ಸೀಜರ್‌ನವರು ರಾತ್ರಿ ಮನೆಗೆ ಬಂದರೂ ಇಲ್ಲಿಗೇ ಹೋಗಿ. ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಸಾಲ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚನೆ ಕೊಟ್ಟಿದೆ. ಕರೆ ಬಂದ ಸಮಯ ಕಾಣುವ ಸ್ಕ್ರೀನ್‌ಶಾಟ್ ಮತ್ತು ಲೋನ್ ಒಪ್ಪಂದದ ಪ್ರತಿ ತಗೊಂಡು ಹೋಗಿ. ಅಪಘಾತದ ಕೇಸಿಗೆ ಹೋಗುವಾಗ ಎಫ್‌ಐಆರ್, ಎಂಎಲ್‌ಸಿ, ಪಾಲಿಸಿ, ಸಂಬಳದ ವಾಟ್ಸಾಪ್, ಡೈರಿ ಇಷ್ಟೂ ಚೀಲದಲ್ಲಿ ಇರಲಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಟ್ಟು ಸ್ವೀಕೃತಿ ಪಡೆಯಿರಿ.